ಮೂಳೆಗೆ ವಯಸ್ಸು ಹೇಳುವ ಬೂದಿ

ಪ್ಯಾಟಗೋನಿಯಾದ ಗಾಳಿಗೆ ಬಿಡುವು ಎಂಬುದಿಲ್ಲ. ಶಾಂತಸಾಗರದ ಕಡೆಯಿಂದ ಹೊತ್ತು ತಂದ ನೀರನ್ನೆಲ್ಲ ಆಂಡಿಸ್ ಪರ್ವತದ ಆಚೆಗೇ, ಚಿಲಿಯ ಪಾಲಿಗೇ ಸುರಿದು, ಬರಿಗೈಯಲ್ಲಿ ಅರ್ಜೆಂಟೀನಾದ ಚುಬುತ್ ಪ್ರಾಂತ್ಯಕ್ಕೆ ಇಳಿಯುವ ಪಡುವಣ ಗಾಳಿಗೆ ಇಲ್ಲಿ ಉಳಿದಿರುವುದು ಧೂಳೆಬ್ಬಿಸುವ ಕೆಲಸವೊಂದೇ. ಮೊಣಕಾಲೆತ್ತರದ ಮುಳ್ಳುಪೊದೆಗಳು, ಬಿಸಿಲಿಗೆ ಹಳದಿ ತಿರುಗಿದ ಕೊಯ್ರೋನ್ ಹುಲ್ಲಿನ ಕುಚ್ಚುಗಳು, ಅವುಗಳ ನಡುವೆ ನುರುಜುಗಲ್ಲು ಹರಡಿದ ಬರಿ ನೆಲ. ದೂರದ ದಿಬ್ಬದ ಮೇಲೆ ಗ್ವಾನಾಕೊಗಳ ಹಿಂಡೊಂದು ಕತ್ತು ನೀಳ ಮಾಡಿ ನಿಂತಿರುತ್ತದೆ. ಕಾವಲಿಗಿರುವ ಗಂಡು ಒಮ್ಮೆ ಕೆನೆದರೆ ಹಿಂಡಿಗೆ ಹಿಂಡೇ ದಿಬ್ಬದಾಚೆ ಮಾಯ. ಚೋಯ್ಕೆ ಎಂಬ ಹಾರಲಾರದ ದೊಡ್ಡ ಹಕ್ಕಿ ಹತ್ತಾರು ಮರಿಗಳನ್ನು ಬೆನ್ನಿಗೆ ಕಟ್ಟಿಕೊಂಡು ತಂತಿಬೇಲಿಯ ಉದ್ದಕ್ಕೂ ಓಡುತ್ತದೆ. ಆ ಬೇಲಿಗಳ ಒಳಗೆ ಮೆರಿನೊ ಕುರಿಗಳಿವೆ, ಕುರಿಗಳ ಹಿಂದೆ ಕುದುರೆಯೇರಿದ ಒಬ್ಬ ಕುರಿಗಾಹಿ ಇರುತ್ತಾನೆ. ಮೈಲಿಗಟ್ಟಲೆ ಹೋದರೂ ಕಾಣಸಿಗುವ ಮನುಷ್ಯ ಅವನೊಬ್ಬನೇ ಆಗಿರಬಹುದು.

ಅಟ್ಲಾಂಟಿಕ್ ತೀರದ ಸಮೀಪದಲ್ಲಿ ಟ್ರೆಲ್ಯೂ ಎಂಬ ಊರಿದೆ. 1865ರಲ್ಲಿ ಮಿಮೋಸಾ ಎಂಬ ಹಡಗಿನಲ್ಲಿ ಬಂದಿಳಿದ ವೇಲ್ಸ್ ದೇಶದ ವಲಸಿಗರು ಈ ಸೀಮೆಯಲ್ಲಿ ಬೇರೂರಿದರು. ಊರಿನ ಹೆಸರೂ ಅವರ ಭಾಷೆಯದೇ. ಅಲ್ಲಿಂದ 25ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಚುಬುತ್ ನದಿ ಕೆಲವೊಮ್ಮೆ ಜೊತೆಗೆ ಬರುತ್ತದೆ, ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಲೋಸ್ ಅಲ್ತಾರೆಸ್ ಬಳಿ ರಸ್ತೆಯ ಎರಡೂ ಬದಿಗೆ ಕೆಂಪು, ಕಾವಿ ಬಣ್ಣದ ಬಂಡೆಗೋಡೆಗಳು ಎದ್ದು ನಿಲ್ಲುತ್ತವೆ. ಪಾಸೊ ದೆ ಇಂದಿಯೋಸ್ ಎಂಬ ಸಣ್ಣ ಊರಿನ ಹತ್ತಿರ ಡಾಂಬರು ಬಿಟ್ಟು, ಜಲ್ಲಿಯ ರಸ್ತೆಯಲ್ಲಿ ಉತ್ತರಕ್ಕೆ ತಿರುಗಬೇಕು. ಆಗ ನದಿ ಮತ್ತೆ ಸಿಗುತ್ತದೆ. ಅದರ ದಂಡೆಯಲ್ಲಿ ಗಾಳಿ ತಡೆಯಲೆಂದು ಸಾಲಾಗಿ ನೆಟ್ಟ ಪಾಪ್ಲರ್ ಮರಗಳು, ನೀರಿಗೆ ಬಾಗಿದ ವಿಲೋಗಳು, ಹಿಡಿಯಷ್ಟು ಮನೆಗಳು. ಇದೇ ಸೆರ್ರೊ ಕೊಂಡೋರ್. ಡೈನೊಸಾರ್ ಅಧ್ಯಯನ ಮಾಡುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ಹಳ್ಳಿಯ ಹೆಸರನ್ನು ಬಲ್ಲರು.

ಹಳ್ಳಿಯ ಸುತ್ತಲ ಗುಡ್ಡಗಳನ್ನು ನೀರು ಸೀಳಿ ಕೊರಕಲುಗಳನ್ನು ಮಾಡಿದೆ. ಅಂಥ ಒಂದು ಕೊರಕಲಿನ ಹೆಸರು ಕನ್ಯಾದೋನ್ ಆಸ್ಫಾಲ್ತೊ. ಇಲ್ಲಿನ ಇಡೀ ಶಿಲಾಸರಣಿಗೆ, ಅದು ಸಂಗ್ರಹವಾದ ಪುರಾತನ ತಗ್ಗಿಗೆ, ಅಂದರೆ ಭೂವಿಜ್ಞಾನಿಗಳು ಬೇಸಿನ್ ಎನ್ನುವ ಜಾಗಕ್ಕೆ, ಆ ಕೊರಕಲಿನ ಹೆಸರೇ ನಿಂತಿದೆ. ಕೊರಕಲಿಗೆ ಇಳಿದು ಬಂಡೆಗೋಡೆಗೆ ಮುಖ ಮಾಡಿ ನಿಂತರೆ ಬುಡದಲ್ಲಿ ಕಪ್ಪು ಬಸಾಲ್ಟ್ ಕಾಣುತ್ತದೆ, ಒಂದು ಕಾಲದ ಲಾವಾ. ಅದರ ಮೇಲೆ ತೆಳು ಹಾಳೆಗಳಾಗಿ ಬಿಚ್ಚಿಕೊಳ್ಳುವ ಕಡುಬಣ್ಣದ ಜೇಡಿಪದರಗಲ್ಲು, ನಡುವೆ ಕೆನೆಬಣ್ಣದ ಸುಣ್ಣಕಲ್ಲು. ಸುಣ್ಣಕಲ್ಲಿನ ಕೆಲವು ಹಾಸುಗಳಲ್ಲಿ ಗುಮ್ಮಟಗಳಂತೆ ಉಬ್ಬಿದ ಸುತ್ತುಪದರಗಳಿವೆ. ಸರೋವರದ ತಿಳಿನೀರಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು ಅವು. ಇಂದು ಹನಿ ನೀರಿಗೆ ಪರದಾಡುವ ಈ ಜಾಗ ಜುರಾಸಿಕ್ ಯುಗದಲ್ಲಿ ಸರೋವರವಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇವುಗಳ ನಡುವೆ, ಗಮನವಿಟ್ಟು ನೋಡದಿದ್ದರೆ ಕಣ್ಣು ಜಾರಿಹೋಗುವಂಥ, ತಿಳಿಹಸಿರು ಛಾಯೆಯ ಬಿಳಿ ಪಟ್ಟಿಗಳಿವೆ. ಕೆಲವು ಗೇಣುದ್ದ ದಪ್ಪ, ಕೆಲವು ನಾಲ್ಕು ಬೆರಳು. ಮೇಲಿನ ಗಟ್ಟಿ ಕಲ್ಲು ಮುಂದಕ್ಕೆ ಚಾಚಿಕೊಂಡಿದ್ದರೆ ಇವು ಗಾಳಿ ಮಳೆಗೆ ಸವೆದು ಒಳಕ್ಕೆ ಸರಿದಿರುತ್ತವೆ. ಬೆರಳಿನಿಂದ ಉಜ್ಜಿದರೆ ನುಣ್ಣನೆಯ ಪುಡಿ ಉದುರುತ್ತದೆ. ಇದು ಜ್ವಾಲಾಮುಖಿಯ ಬೂದಿ. ಎಲ್ಲೋ ಒಂದು ಬೆಟ್ಟ ಸಿಡಿದ ದಿನ ಆಕಾಶಕ್ಕೆ ಎದ್ದು, ಗಾಳಿಯಲ್ಲಿ ತೇಲಿ, ಈ ಸರೋವರದ ಮೇಲೆ ಸುರಿದು ತಳ ಸೇರಿದ್ದು. ಅದರ ಮೇಲೆ ಮತ್ತೆ ಕೆಸರು ಕೂತಿತು, ಕೆಸರಿನ ಮೇಲೆ ಇನ್ನೊಂದು ಸಿಡಿತದ ಬೂದಿ. ಎಲ್ಲರ ಕಣ್ಣೂ ಮೂಳೆಯ ಮೇಲೇ ಇದ್ದ ಈ ಕಣಿವೆಯಲ್ಲಿ ಕಥೆಯನ್ನು ತಿರುಗಿಸಿದ್ದು ಈ ಪುಡಿ.

ಮೂಳೆಯ ಸುದ್ದಿ ಮೊದಲಾದದ್ದು 1970ರ ದಶಕದಲ್ಲಿ. ಅರ್ಜೆಂಟೀನಾದ ಡೈನೊಸಾರ್ ಅಧ್ಯಯನದ ಹಿರಿಯ ಹೋಸೆ ಬೊನಪಾರ್ತೆ ತಮ್ಮ ತಂಡದೊಂದಿಗೆ ಸೆರ್ರೊ ಕೊಂಡೋರ್ ಸುತ್ತ ಅಗೆತ ನಡೆಸಿದರು. 1979ರಲ್ಲಿ ಅವರು ಮೂರು ಹೊಸ ಡೈನೊಸಾರ್‌ಗಳಿಗೆ ಹೆಸರಿಟ್ಟರು. ಉದ್ದ ಕತ್ತಿನ ದೈತ್ಯ ಸಸ್ಯಾಹಾರಿಗೆ ಪಾತಗೊಸಾರಸ್, ಅದರ ಚಿಕ್ಕ ದಾಯಾದಿಗೆ ಫೋಲ್ಕ್‌ಹೈಮೇರಿಯಾ, ಇವೆರಡರ ಕಾಲದಲ್ಲೇ ಬೇಟೆಯಾಡುತ್ತಿದ್ದ ಮಾಂಸಾಹಾರಿಗೆ ಪ್ಯಾಟ್ನಿಟ್ಸ್ಕಿಸಾರಸ್. ಕೊನೆಯ ಎರಡರಲ್ಲಿ ಪ್ಯಾಟಗೋನಿಯಾದ ಕಲ್ಲುಗಳನ್ನು ಓದಿದ ಇಬ್ಬರು ಭೂವಿಜ್ಞಾನಿಗಳ ಹೆಸರಿದೆ. ಮೊದಲನೆಯದರ ಎರಡನೇ ಭಾಗವಾದ ಫರಿಯಾಸಿ, ಆ ಮೂಳೆಗಳು ಸಿಕ್ಕ ಜಮೀನಿನ ಮನೆತನದ್ದು. ಈ ಪದ್ಧತಿ ಆಮೇಲೂ ಮುಂದುವರಿಯಿತು. 2019ರಲ್ಲಿ ಪ್ರಕಟವಾದ ಆಸ್ಫಾಲ್ತೊವೆನಾಟರ್ ಎಂಬ ಬೇಟೆಗಾರ ಡೈನೊಸಾರ್‌ಗೆ ಪ್ರಾಂತ್ಯದ ರಸ್ತೆ ಇಲಾಖೆಯ ಹೆಸರನ್ನೇ ಸೇರಿಸಲಾಗಿದೆ. ಬಂಡೆಯಿಂದ ಬಿಡಿಸಿ, ಗೋಣಿತಾಟು ಪ್ಲಾಸ್ಟರು ಸುತ್ತಿ, ಟನ್ನುಗಟ್ಟಲೆ ಭಾರದ ಗಟ್ಟಿಗಳನ್ನು ಕೊರಕಲಿನಿಂದ ಮೇಲೆತ್ತಬೇಕಾದವರಿಗೆ ರಸ್ತೆ ಮಾಡುವವರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಬಂಡೆಗಳ ಹೆಸರುಗಳೂ ಇಲ್ಲಿನ ಬದುಕಿನಿಂದಲೇ ಬಂದವು. ಕನ್ಯಾದೋನ್ ಆಸ್ಫಾಲ್ತೊ ಶಿಲಾಸರಣಿಯ ಕೆಳಭಾಗಕ್ಕೆ ಲಾಸ್ ಚಕ್ರೀತಾಸ್ ಎನ್ನುತ್ತಾರೆ, ಮೇಲ್ಭಾಗಕ್ಕೆ ಪುಯೆಸ್ತೊ ಅಲ್ಮಾದಾ. ಪುಯೆಸ್ತೊ ಅಂದರೆ ಕುರಿಗಾಹಿ ಒಂಟಿಯಾಗಿ ತಂಗುವ ಗುಡಿಸಲು. ಒಂದು ಒಲೆ, ಕುರಿಚರ್ಮದ ಹಾಸಿಗೆ, ಹೊರಗೆ ಕುರಿದೊಡ್ಡಿ, ನೀರಿದ್ದರೆ ಎರಡು ಮರ. ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ, ಅಗೆತದ ತಂಡಗಳು ಬಂದಾಗ ಇಂಥ ಗುಡಿಸಲುಗಳ ಪಕ್ಕದಲ್ಲೇ ಡೇರೆ ಹೊಡೆಯುತ್ತವೆ. ದಕ್ಷಿಣ ಅಕ್ಷಾಂಶ 43 ಡಿಗ್ರಿಯ ಆಸುಪಾಸಿನ ಈ ಜಾಗದಲ್ಲಿ ಜನವರಿಯ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಕೆಲಸ ಮುಗಿದ ಮೇಲೆ ಮಾತೆ ಎಂಬ ಕಷಾಯದ ಬುರುಡೆ ಕೈಯಿಂದ ಕೈಗೆ ದಾಟುತ್ತದೆ. ಎಲ್ಲರೂ ಒಂದೇ ಲೋಹದ ಕೊಳವೆಯಲ್ಲಿ ಹೀರುತ್ತಾರೆ. ಎಲ್ಲಿ ಹೊಸ ಮೂಳೆ ಇಣುಕಿದೆ, ಯಾವ ಕುರಿ ಕಳೆದಿದೆ ಎಂಬ ಸುದ್ದಿಗಳು ಅದರ ಜೊತೆಗೇ ಸುತ್ತುತ್ತವೆ.

ಕುರಿ ಕಳೆದದ್ದರಿಂದಲೇ ಸಿಕ್ಕ ಡೈನೊಸಾರ್ ಕೂಡ ಇದೆ. ಕಳೆದುಹೋದ ಕುರಿಗಳನ್ನು ಹುಡುಕುತ್ತಾ ಹೋದ ಸ್ಥಳೀಯ ಕುರಿಗಾಹಿಯೊಬ್ಬನಿಗೆ ಕಲ್ಲಿನಲ್ಲಿ ಸಾಲಾಗಿ ಕೂತ ಬೆನ್ನುಮೂಳೆಗಳು ಕಂಡವು. 2005ರಲ್ಲಿ ಅದಕ್ಕೆ ಬ್ರಾಕಿಟ್ರಾಕೆಲೊಪಾನ್ ಮೆಸಾಯಿ ಎಂದು ಹೆಸರಾಯಿತು. ಪಾತಗೊಸಾರಸ್‌ನಂಥ ಸೌರೊಪಾಡ್‌ಗಳೆಂದರೆ ಉದ್ದ ಕತ್ತಿನವು ಎಂಬ ನಂಬಿಕೆಯನ್ನೇ ಅಣಕಿಸುವಂತೆ ಈ ಪ್ರಾಣಿಗೆ ಗಿಡ್ಡ ಕತ್ತಿತ್ತು. ಮೆಸಾಯಿ ಎಂಬುದು ಆ ಕುರಿಗಾಹಿಯ ಮನೆತನದ ಹೆಸರಿನಿಂದ ಬಂದದ್ದು; ಹೆಸರಿನ ನಡುವೆ ಇರುವ ಪಾನ್, ಗ್ರೀಕರ ಕುರಿಗಾಹಿ ದೇವರು.

ಮೂಳೆಗಳೇನೋ ಸಿಕ್ಕವು. ಅವು ಯಾವ ಕಾಲದವು?

ಬೊನಪಾರ್ತೆಯವರ ಕಾಲದಲ್ಲಿ ಇದಕ್ಕೆ ಉತ್ತರ ಹುಡುಕುವ ದಾರಿ ಹೋಲಿಕೆಯೊಂದೇ ಆಗಿತ್ತು. ಪಾತಗೊಸಾರಸ್‌ನ ಮೂಳೆಗಳು ಇಂಗ್ಲೆಂಡಿನಲ್ಲಿ ಸಿಕ್ಕ ಸೀಟಿಯೊಸಾರಸ್ ಎಂಬ ಡೈನೊಸಾರ್‌ನ ಮೂಳೆಗಳನ್ನು ಹೋಲುತ್ತಿದ್ದವು. ಇಂಗ್ಲೆಂಡಿನದು ಮಧ್ಯ ಜುರಾಸಿಕ್. ಆದ್ದರಿಂದ ಪ್ಯಾಟಗೋನಿಯಾದ್ದೂ ಅದೇ ಸುಮಾರಿನದಿರಬೇಕು. ಹೀಗೆ ಈ ಪ್ರಾಣಿಸಮೂಹಕ್ಕೆ ಮಧ್ಯ ಜುರಾಸಿಕ್‌ನ ಕೊನೆಯ ಘಟ್ಟವಾದ ಕಲ್ಲೋವಿಯನ್ ಕಾಲ, ಅಂದರೆ ಸುಮಾರು 16.5ರಿಂದ 16 ಕೋಟಿ ವರ್ಷಗಳ ಹಿಂದಿನ ಕಾಲ, ನಿಗದಿಯಾಯಿತು. ಪಠ್ಯಪುಸ್ತಕಗಳು ಅದನ್ನೇ ಬರೆದುಕೊಂಡವು.

ಈ ತರ್ಕದಲ್ಲಿ ಒಂದು ತೊಡಕಿದೆ. ಯೂರೋಪಿನ ಜುರಾಸಿಕ್ ಪಂಚಾಂಗ ಕಟ್ಟಿದ್ದು ಅಮೊನೈಟ್ ಎಂಬ ಸುರುಳಿಚಿಪ್ಪಿನ ಸಮುದ್ರಜೀವಿಗಳ ಮೇಲೆ. ಅವು ಬೇಗ ಬೇಗ ರೂಪ ಬದಲಿಸುತ್ತಾ, ಸಮುದ್ರದ ತುಂಬ ಹರಡಿಕೊಳ್ಳುತ್ತಾ ಹೋದದ್ದರಿಂದ ಒಂದೊಂದು ಪದರಕ್ಕೂ ಒಂದೊಂದು ಜಾತಿಯ ಗುರುತು ಸಿಗುತ್ತದೆ. ಸೆರ್ರೊ ಕೊಂಡೋರ್‌ನದು ಒಳನಾಡಿನ ಸಿಹಿನೀರ ಸರೋವರ. ಅಲ್ಲಿ ಅಮೊನೈಟ್ ಇರುವ ಮಾತೇ ಇಲ್ಲ. ಉಳಿದದ್ದು ಡೈನೊಸಾರ್‌ಗಳ ಹೋಲಿಕೆ. ಆದರೆ ಡೈನೊಸಾರ್‌ಗಳು ಯಾವ ಖಂಡದಲ್ಲಿ ಯಾವಾಗ ಹುಟ್ಟಿ ಹೇಗೆ ಹರಡಿದವು ಎಂದು ತಿಳಿಯಲೆಂದೇ ಅಲ್ಲವೇ ಅವುಗಳ ವಯಸ್ಸು ಬೇಕಾಗಿರುವುದು? ಎರಡು ಕಡೆಯ ಪ್ರಾಣಿಗಳು ಒಂದೇ ಕಾಲದವು ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಂತೆ.

ಇಲ್ಲಿ ಬೂದಿ ನೆರವಿಗೆ ಬರುತ್ತದೆ. ಟ್ರೆಲ್ಯೂವಿನ ಎಗಿಡಿಯೊ ಫೆರುಗ್ಲಿಯೊ ಪಳೆಯುಳಿಕೆ ವಸ್ತುಸಂಗ್ರಹಾಲಯದ ರುಬೇನ್ ಕೂನಿಯೊ ಮತ್ತು ಸಂಗಡಿಗರು ಬಂಡೆಗೋಡೆಗಳನ್ನು ಅಡಿ ಅಡಿಯಾಗಿ ಅಳೆದು, ಪ್ರತಿ ಪದರವನ್ನೂ ಟಿಪ್ಪಣಿ ಪುಸ್ತಕದಲ್ಲಿ ಗುರುತಿಸಿ, ಮೂಳೆ ಸಿಕ್ಕ ಹಾಸುಗಳ ಮೇಲೆ ಕೆಳಗೆ ಇರುವ ಬೂದಿಪಟ್ಟಿಗಳಿಂದ ಮಾದರಿಗಳನ್ನು ತೆಗೆದರು. ಬೂದಿ ತೆಗೆಯುವುದರಲ್ಲಿ ಮೂಳೆ ತೆಗೆಯುವಾಗಿನ ಸಡಗರ ಇಲ್ಲ. ಮಳೆಗಾಳಿಗೆ ಒಡ್ಡಿಕೊಂಡ ಹೊರಮೈಯನ್ನು ಸುತ್ತಿಗೆಯಿಂದ ಕೆತ್ತಿ ಹಾಕಿ, ಒಳಗಿನ ತಾಜಾ ಕಲ್ಲನ್ನು ಕಿಲೋಗಟ್ಟಲೆ ಚೀಲಕ್ಕೆ ತುಂಬಿ, ಎತ್ತರ, ದಿಕ್ಕು, ಪದರದ ಸಂಖ್ಯೆ ಬರೆದು ಕಟ್ಟುತ್ತಾರೆ. ಅಂಥ ಚೀಲಗಳು ಭೂಮಧ್ಯರೇಖೆ ದಾಟಿ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಯಾಮ್ಯುಯೆಲ್ ಬೌರಿಂಗ್ ಮತ್ತು ಜಹಂದಾರ್ ರಮೆಜಾನಿ ಅವರ ಪ್ರಯೋಗಾಲಯ ತಲುಪಿದವು.

ಅಲ್ಲಿ ಹುಡುಕುವುದು ಜಿರ್ಕಾನ್ ಎಂಬ ಹರಳನ್ನು. ಕಲ್ಲನ್ನು ಪುಡಿಮಾಡಿ, ಜರಡಿ ಹಿಡಿದು, ನೀರು ಹರಿಯುವ ಮೇಜಿನ ಮೇಲೆ ಹಗುರ ಕಣಗಳನ್ನು ತೊಳೆದು, ಆಯಸ್ಕಾಂತದಿಂದ ಕಬ್ಬಿಣದಂಶ ಬೇರ್ಪಡಿಸಿ, ಭಾರದ್ರವದಲ್ಲಿ ಮುಳುಗಿಸುತ್ತಾರೆ. ತೇಲುವುದನ್ನು ಚೆಲ್ಲಿ, ತಳಕ್ಕಿಳಿದದ್ದನ್ನು ಉಳಿಸಿಕೊಳ್ಳುತ್ತಾರೆ. ಕಿಲೋಗಟ್ಟಲೆ ಕಲ್ಲಿಗೆ ಕೊನೆಯಲ್ಲಿ ಉಳಿಯುವುದು ಒಂದು ಚಿಟಿಕೆ. ಆ ಚಿಟಿಕೆಯನ್ನು ಗಾಜಿನ ಬಟ್ಟಲಿಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದೇ ಹರಳನ್ನು ಸಣ್ಣ ಚಿಮಟಿಯಲ್ಲಿ ಆರಿಸುತ್ತಾರೆ. ಕೂದಲೆಳೆಯ ದಪ್ಪದ ಹರಳುಗಳವು. ಅಂಚು ಸವೆದು ಗುಂಡಗಾದವನ್ನು ಪಕ್ಕಕ್ಕೆ ಸರಿಸಬೇಕು. ಅವು ಎಲ್ಲಿಂದಲೋ ನೀರಿನಲ್ಲಿ ಉರುಳಿಕೊಂಡು ಬಂದ ಹಳೆಯವಿರಬಹುದು. ಚೂಪು ತುದಿಯ, ನೀಳ ಪಟ್ಟಕದ, ಒಳಗೆ ಮಸುಕಿಲ್ಲದ ಹರಳು ಬೇಕು. ಜ್ವಾಲಾಮುಖಿ ಸಿಡಿಯುವ ಮುನ್ನ ಅದರ ಒಡಲಿನ ಕರಗಿದ ಕಲ್ಲಿನಲ್ಲಿ ಹುಟ್ಟಿ, ಬೂದಿಯ ಜೊತೆಗೆ ಹಾರಿ ನೇರವಾಗಿ ಸರೋವರಕ್ಕೆ ಬಿದ್ದ ಹರಳಿಗೆ ಮಾತ್ರ ಆ ಚೂಪು ಉಳಿದಿರುತ್ತದೆ.

ಜಿರ್ಕಾನ್ ಬೆಳೆಯುವಾಗ ತನ್ನ ಕಟ್ಟಡದೊಳಗೆ ಒಂದಿಷ್ಟು ಯುರೇನಿಯಮ್ಮನ್ನು ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬೀಗ ಹಾಕಿ ಮೊಹರು ಮಾಡಿದ ಖಾಲಿ ಹುಂಡಿಯ ಹಾಗೆ ಅದರ ಬದುಕು ಶುರುವಾಗುತ್ತದೆ. ಯುರೇನಿಯಂ ಒಂದೇ ವೇಗದಲ್ಲಿ ಕ್ಷಯಿಸುತ್ತಾ ಹಲವು ಹಂತ ದಾಟಿ ಸೀಸವಾಗುತ್ತದೆ. ಆ ಸೀಸ ಹೊರಗೆ ಹೋಗಲಾರದೆ ಹರಳೊಳಗೇ ಕೂಡುತ್ತಾ ಹೋಗುತ್ತದೆ. ಯುರೇನಿಯಂ 238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಅದು ಸೀಸ 206 ಆಗುತ್ತದೆ. ಯುರೇನಿಯಂ 235ರ ಅರ್ಧಾಯುಷ್ಯ ಸುಮಾರು 70 ಕೋಟಿ ವರ್ಷ. ಅದು ಸೀಸ 207 ಆಗುತ್ತದೆ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಲೆಕ್ಕಗಳು ನಡೆಯುತ್ತಿರುತ್ತವೆ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಒಂದಕ್ಕೊಂದು ತಾಳೆಯಾಗದಿದ್ದರೆ ಹರಳು ಎಲ್ಲೋ ಬಿರುಕು ಬಿಟ್ಟು ಸೀಸ ಸೋರಿಹೋಗಿದೆ ಅಥವಾ ಒಳಗೆ ಹಳೆಯ ಹರಳಿನ ತುಣುಕು ಸೇರಿಕೊಂಡಿದೆ ಎಂದರ್ಥ.

ಸೋರಿದ ಭಾಗವನ್ನು ತೆಗೆದುಹಾಕುವ ಉಪಾಯವನ್ನು ಜೇಮ್ಸ್ ಮ್ಯಾಟಿನ್ಸನ್ 2005ರಲ್ಲಿ ಪ್ರಕಟಿಸಿದರು. ಹರಳನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನ ಕಾಯಿಸಿ, ಆಮೇಲೆ ಬಿಸಿ ಹೈಡ್ರೊಫ್ಲೋರಿಕ್ ಆಮ್ಲದಲ್ಲಿಟ್ಟರೆ, ವಿಕಿರಣದಿಂದ ಜರ್ಜರವಾಗಿ ಸೀಸ ಕಳೆದುಕೊಂಡ ಭಾಗಗಳು ಮೊದಲು ಕರಗಿಹೋಗುತ್ತವೆ, ಗಟ್ಟಿ ತಿರುಳು ಉಳಿಯುತ್ತದೆ. ಆ ತಿರುಳನ್ನು ಕರಗಿಸಿ, ಸೀಸ ಯುರೇನಿಯಂಗಳನ್ನು ಬೇರ್ಪಡಿಸಿ, ರೀನಿಯಂ ಲೋಹದ ಸಣ್ಣ ತಂತಿಯ ಮೇಲಿಟ್ಟು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅವುಗಳ ಐಸೊಟೋಪ್‌ಗಳನ್ನು ಅಳೆಯುತ್ತಾರೆ. ಒಂದು ಹರಳಿನಲ್ಲಿರುವ ಸೀಸ ಎಷ್ಟು ಅತ್ಯಲ್ಪವೆಂದರೆ, ಅಳೆಯುವವರ ಉಸಿರಿನಲ್ಲಿ, ಬಟ್ಟೆಯ ಧೂಳಿನಲ್ಲಿ ಇರುವ ಸೀಸ ಒಂದಿಷ್ಟು ಬೆರೆತರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಸೋಸಿದ ಗಾಳಿಯ ಕೋಣೆ, ಮೈತುಂಬ ಬಿಳಿ ನಿಲುವಂಗಿ, ಮತ್ತೆ ಮತ್ತೆ ಶುದ್ಧೀಕರಿಸಿದ ಆಮ್ಲ. ಈ ಶಿಸ್ತನ್ನು ಕಲಿಸಿದವರು ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯ ಸೀಸದಿಂದ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಕಂಡುಹಿಡಿದ ಅವರೇ, ಎಲ್ಲೆಲ್ಲೂ ನುಸುಳುವ ಸೀಸದ ಮೂಲ ಹುಡುಕುತ್ತಾ ಹೋಗಿ ಪೆಟ್ರೋಲಿಗೆ ಬೆರೆಸುವ ಸೀಸದ ವಿರುದ್ಧ ದನಿ ಎತ್ತಿದರು.

ಸೆರ್ರೊ ಕೊಂಡೋರ್‌ನ ಬೂದಿ ಏನು ಹೇಳಿತು? 2013ರಲ್ಲಿ ಕೂನಿಯೊ, ರಮೆಜಾನಿ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಕನ್ಯಾದೋನ್ ಆಸ್ಫಾಲ್ತೊ ಸರಣಿಯ ಕೆಳಪದರಗಳು ಸುಮಾರು 17.9 ಕೋಟಿ ವರ್ಷ ಹಳೆಯವು. ಅಂದರೆ ಮಧ್ಯ ಜುರಾಸಿಕ್‌ನ ಕೊನೆಯದಿರಲಿ, ಮಧ್ಯ ಜುರಾಸಿಕ್ಕೇ ಅಲ್ಲ. ಆರಂಭಿಕ ಜುರಾಸಿಕ್‌ನ ಕೊನೆಯ ಘಟ್ಟವಾದ ಟೋವಾರ್ಸಿಯನ್. ಪಾತಗೊಸಾರಸ್ ಮತ್ತು ಅದರ ನೆರೆಹೊರೆಗೆ ಒಮ್ಮೆಲೇ ಒಂದೂವರೆ ಕೋಟಿ ವರ್ಷ ವಯಸ್ಸು ಹೆಚ್ಚಾಯಿತು. ಇವುಗಳ ಮೇಲಿರುವ, ಗಿಡ್ಡ ಕತ್ತಿನ ಬ್ರಾಕಿಟ್ರಾಕೆಲೊಪಾನ್ ಸಿಕ್ಕ ಕನ್ಯಾದೋನ್ ಕಲ್ಕಾರೆಯೊ ಸರಣಿಯ ಬೂದಿ ಸುಮಾರು 15.7 ಕೋಟಿ ವರ್ಷ ಎಂದಿತು. ಒಂದೇ ಕಣಿವೆಯಲ್ಲಿ ಒಂದರ ಮೇಲೊಂದು ಕೂತ ಕಲ್ಲುಗಳ ನಡುವೆ ಎಷ್ಟು ದೊಡ್ಡ ಕಾಲದ ಅಂತರವಿದೆ ಎಂಬುದು ಆಗ ಗೊತ್ತಾಯಿತು.

ವಯಸ್ಸು ಖಚಿತವಾದ ಮೇಲೆ ಬೇಸಿನ್ ಹುಟ್ಟಿದ ಕಥೆಯೂ ತಿಳಿಯಾಯಿತು. ಆ ಕಾಲಕ್ಕೆ ದಕ್ಷಿಣ ಅಮೆರಿಕ, ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ಮಡಗಾಸ್ಕರ್, ಭಾರತ ಎಲ್ಲವೂ ಗೊಂಡ್ವಾನಾ ಎಂಬ ಒಂದೇ ಖಂಡದ ಅಂಗಗಳು. ಆ ಖಂಡ ಬಿರಿಯತೊಡಗಿತ್ತು. ನೆಲವನ್ನು ಎರಡೂ ಕಡೆಯಿಂದ ಎಳೆದಾಗ ಭೂತೊಗಟೆ ಸೀಳಿ, ಸೀಳಿನ ಒಂದು ಪಕ್ಕ ವಾಲಿಕೊಂಡು ಕುಸಿಯುತ್ತದೆ. ಒಂದು ಬದಿ ಕಡಿದಾದ, ಇನ್ನೊಂದು ಬದಿ ಇಳಿಜಾರಾದ ಇಂಥ ಅರ್ಧಕುಸಿತದ ತಗ್ಗುಗಳು ಚುಬುತ್‌ನ ನಡುಭಾಗದಲ್ಲಿ ಸಾಲಾಗಿ ಮೂಡಿದವು. ಅತ್ಯಂತ ಕೆಳಗಿನ ಲಾಸ್ ಲಿಯೊನೆರಾಸ್ ಸರಣಿಯ ಬೂದಿ ಸುಮಾರು 18.9 ಕೋಟಿ ವರ್ಷದ್ದು. ನೆಲ ಕುಸಿಯತೊಡಗಿ ನದಿಗಳು ಕೆಸರು ತಂದು ತುಂಬತೊಡಗಿದ್ದ ಕಾಲ ಅದು. ಆಮೇಲೆ ಲೊಂಕೊ ತ್ರಪಿಯಾಲ್ ಎಂಬ ಜ್ವಾಲಾಮುಖಿ ಶಿಲೆಗಳು ತಗ್ಗಿನ ಬಹುಭಾಗವನ್ನು ಮುಚ್ಚಿದವು. ಲಾವಾ ತಣಿದ ಮೇಲೆ ಉಳಿದ ಕುಳಿಗಳಲ್ಲಿ ನೀರು ನಿಂತು ಸರೋವರವಾಯಿತು. ನೆಲ ಮಾತ್ರ ಕುಸಿಯುತ್ತಲೇ ಇತ್ತು, ಹಾಗಾಗಿ ಕೆಸರು ಎಷ್ಟು ತುಂಬಿದರೂ ಜಾಗ ಸಿಗುತ್ತಲೇ ಹೋಯಿತು. ಕೆಳಗಿನ ಬೂದಿಯ ವಯಸ್ಸು, ಮೇಲಿನ ಬೂದಿಯ ವಯಸ್ಸು, ಎರಡರ ನಡುವಿನ ಕಲ್ಲಿನ ದಪ್ಪ ಈ ಮೂರು ಗೊತ್ತಾದರೆ ಕೆಸರು ಯಾವ ವೇಗದಲ್ಲಿ ತುಂಬಿತು, ತಗ್ಗು ಯಾವ ವೇಗದಲ್ಲಿ ಇಳಿಯಿತು ಎಂದು ಲೆಕ್ಕ ಹಾಕಬಹುದು. ಬೂದಿ ಉಗುಳಿದ ಪ್ಯಾಟಗೋನಿಯಾದ ಚೋನ್ ಐಕೆ ಜ್ವಾಲಾಮುಖಿ ಸೀಮೆ ಸುಮಾರು 18.8ರಿಂದ 15.3 ಕೋಟಿ ವರ್ಷಗಳ ಹಿಂದಿನವರೆಗೆ ಬಿಟ್ಟು ಬಿಟ್ಟು ಸಿಡಿಯುತ್ತಲೇ ಇತ್ತು. ಕಲ್ಲಿನ ಪಂಚಾಂಗ ಬರೆಯುವವರಿಗೆ ಅದು ಒದಗಿಬಂದ ಭಾಗ್ಯ. ಆಗ ಬದುಕಿದ್ದವಕ್ಕೆ ಹಾಗನ್ನಿಸಿರಲಾರದು.

ಪಳೆಯುಳಿಕೆಗಳ ಕಥೆ ಬದಲಾದದ್ದು ಇನ್ನೂ ಹೆಚ್ಚು. ಸುಮಾರು 18.3 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾದ ದಕ್ಷಿಣದಲ್ಲಿ, ಇಂದಿನ ದಕ್ಷಿಣ ಆಫ್ರಿಕಾದ ಕರೂ ಮತ್ತು ಅಂಟಾರ್ಕ್ಟಿಕಾದ ಫೆರಾರ್ ಸೀಮೆಗಳಲ್ಲಿ, ಅಪಾರ ಪ್ರಮಾಣದ ಲಾವಾ ಹೊರಬಿತ್ತು. ಅದರೊಂದಿಗೆ ಬಂದ ಅನಿಲಗಳಿಂದ ಭೂಮಿ ಬಿಸಿಯಾಯಿತು, ಸಮುದ್ರಗಳ ತಳದಲ್ಲಿ ಆಮ್ಲಜನಕ ಕುಗ್ಗಿತು. ಟೋವಾರ್ಸಿಯನ್ ವಿಪತ್ತು ಎಂದು ಸಮುದ್ರದ ಕಲ್ಲುಗಳಿಂದ ಮೊದಲೇ ಗೊತ್ತಿದ್ದ ಈ ಘಟನೆ ನೆಲದ ಮೇಲಿನ ಪ್ರಾಣಿಗಳಿಗೆ ಏನು ಮಾಡಿತು ಎನ್ನುವುದಕ್ಕೆ ಖಚಿತ ವಯಸ್ಸಿನ ಸಾಕ್ಷಿ ಬೇಕಿತ್ತು. 2020ರಲ್ಲಿ ದಿಯೆಗೊ ಪೋಲ್ ಮತ್ತು ತಂಡ ಬಗುವಾಲಿಯಾ ಆಲ್ಬಾ ಎಂಬ ಹೊಸ ಸೌರೊಪಾಡ್‌ನ ವಿವರ ಪ್ರಕಟಿಸಿತು. ಅದರ ಮೂಳೆಗಳಿದ್ದ ಹಾಸಿನ ವಯಸ್ಸು ಜಿರ್ಕಾನ್ ಲೆಕ್ಕದಲ್ಲಿ 17 ಕೋಟಿ 91 ಲಕ್ಷ 70 ಸಾವಿರ ವರ್ಷ. ಹೆಚ್ಚುಕಡಿಮೆ 1 ಲಕ್ಷ 20 ಸಾವಿರ ವರ್ಷ. ವಿಪತ್ತು ಕಳೆದು ಭೂವಿಜ್ಞಾನದ ಲೆಕ್ಕದಲ್ಲಿ ಸ್ವಲ್ಪವೇ ಕಾಲವಾಗಿತ್ತು.

ವಿಪತ್ತಿಗೆ ಮುಂಚಿನ ಲಾಸ್ ಲಿಯೊನೆರಾಸ್ ಕಲ್ಲಿನಲ್ಲಿ ಲಿಯೊನೆರಾಸಾರಸ್ ಎಂಬ ಸಣ್ಣ ಗಾತ್ರದ, ಉದ್ದಕತ್ತಿನ ವಂಶದ ಹಳೆಯ ಕವಲಿನ ಪ್ರಾಣಿ ಸಿಕ್ಕಿತ್ತು. ಆ ಕಾಲದಲ್ಲಿ ಜಗತ್ತಿನ ಬೇರೆ ಬೇರೆ ಕಡೆ ಈ ವಂಶದಲ್ಲಿ ಹಲವು ಬಗೆಗಳಿದ್ದವು: ಸಣ್ಣವು, ಮಧ್ಯಮ ಗಾತ್ರದವು, ಎರಡು ಕಾಲಲ್ಲಿ ನಿಲ್ಲುತ್ತಿದ್ದವು. ವಿಪತ್ತಿನ ನಂತರ ಉಳಿದವು ದೈತ್ಯ ಸೌರೊಪಾಡ್‌ಗಳು ಮಾತ್ರ. ಕಾರಣದ ಸುಳಿವು ಎಲೆಗಳಲ್ಲಿದೆ. ಮೊದಲಿನ ಪದರಗಳಲ್ಲಿ ತೇವ ಬಯಸುವ ಜರೀಗಿಡಗಳೂ ಮೃದು ಎಲೆಯ ಸಸ್ಯಗಳೂ ಬಗೆಬಗೆಯಾಗಿ ಸಿಗುತ್ತವೆ. ನಂತರದ ಪದರಗಳಲ್ಲಿ ಎದ್ದು ಕಾಣುವುದು ಒಣ ಹವೆಗೆ ಒಗ್ಗಿದ, ಹುರುಪೆಯಂಥ ಗಡಸು ಎಲೆಯ ಶಂಕುವೃಕ್ಷಗಳು. ಅರಾಕೇರಿಯಾದ ಬಂಧುಗಳು, ಈಗ ಅಳಿದುಹೋಗಿರುವ ಕೀರೊಲೆಪಿಡಿಯೇಸಿ ಎಂಬ ಕುಟುಂಬ. ಕಲ್ಲಿನಿಂದ ಬಿಡಿಸಿದ ಪರಾಗದಲ್ಲೂ ಆ ಕುಟುಂಬದ್ದೇ ಮೇಲುಗೈ. ಇಂಥ ಎಲೆಯನ್ನು ಅರಗಿಸಲು ದೊಡ್ಡ ಹೊಟ್ಟೆ ಬೇಕು, ಕೀಳಲು ಗಟ್ಟಿ ಹಲ್ಲು ಬೇಕು. ಬಗುವಾಲಿಯಾದ ಹಲ್ಲಿನ ಎನಾಮೆಲ್ ತನ್ನ ಹಿಂದಿನವುಗಳದಕ್ಕಿಂತ ಬಹಳ ದಪ್ಪ. ಪಾತಗೊಸಾರಸ್ 16 ಕೋಟಿ ವರ್ಷದ್ದೆಂದು ನಂಬಿದ್ದ ತನಕ ಈ ವಿಪತ್ತಿಗೂ ಈ ಕಣಿವೆಗೂ ಸಂಬಂಧ ಕಲ್ಪಿಸಲು ದಾರಿಯೇ ಇರಲಿಲ್ಲ. ಬಂಡೆಗಳು, ಮೂಳೆಗಳು ಇದ್ದಲ್ಲೇ ಇದ್ದವು. ತಾರೀಖು ಸರಿಯಾದಾಗ ಅವು ಬೇರೆಯೇ ಘಟನೆಗೆ ಸಾಕ್ಷಿಯಾದವು.

ಪುಟ್ಟ ಪ್ರಾಣಿಗಳಿಗೂ ಹೀಗೇ ಆಯಿತು. ಸೆರ್ರೊ ಕೊಂಡೋರ್ ಬಳಿ ಕೇಸೊ ರಯಾದೊ ಎಂಬ ಅಗೆತದ ಜಾಗವಿದೆ; ತುರಿದ ಚೀಸ್ ಎಂಬ ತಮಾಷೆಯ ಹೆಸರು. ಅಲ್ಲಿನ ಕಲ್ಲನ್ನು ಒಡೆದು ಚೂರು ಚೂರನ್ನೂ ಭೂತಗನ್ನಡಿಯಲ್ಲಿ ನೋಡಬೇಕು, ಏಕೆಂದರೆ ಸಿಗುವುದು ಮಿಲಿಮೀಟರ್ ಲೆಕ್ಕದ ಹಲ್ಲುಗಳು, ಮುರಿದ ದವಡೆಗಳು. 2002ರಲ್ಲಿ ಪ್ರಕಟವಾದ, ಸೊಂಡಿಲಿಯಷ್ಟು ಪುಟ್ಟ ಪ್ರಾಣಿಯಾದ ಆಸ್ಫಾಲ್ತೊಮಿಲೊಸ್‌ನ ಕೆಳದವಡೆ ಈ ಸೀಮೆಯದು. ದಕ್ಷಿಣ ಅಮೆರಿಕದ ಜುರಾಸಿಕ್ ಶಿಲೆಗಳಲ್ಲಿ ಸಿಕ್ಕ ಮೊದಲ ಸಸ್ತನಿ ಅದು. ಆಹಾರವನ್ನು ಕತ್ತರಿಸಲೂ ಅರೆಯಲೂ ಆಗುವಂಥ ಅದರ ದವಡೆಹಲ್ಲು ಉತ್ತರದ ಖಂಡಗಳಲ್ಲೇ ಹುಟ್ಟಿದ್ದೆಂದು ಬಹುಕಾಲ ನಂಬಲಾಗಿತ್ತು. ಮಡಗಾಸ್ಕರ್‌ನ ಮಧ್ಯ ಜುರಾಸಿಕ್ ಕಲ್ಲಿನಲ್ಲಿ ಸಿಕ್ಕ ಅಂಬೊಂಡ್ರೊ ಎಂಬ ಪ್ರಾಣಿಯ ದವಡೆಯ ವಿವರ 1999ರಲ್ಲಿ ಪ್ರಕಟವಾದಾಗ ಆ ನಂಬಿಕೆ ಅಲುಗಿತ್ತು. ಪ್ಯಾಟಗೋನಿಯಾದ ಬೂದಿ ಹೇಳಿದ ಹೊಸ ವಯಸ್ಸಿನಿಂದಾಗಿ ಇಂಥ ಹಲ್ಲು ದಕ್ಷಿಣದಲ್ಲಿ ಇನ್ನೂ ಹಿಂದೆಯೇ ಇತ್ತೆಂದಾಯಿತು. ಆಸ್ಫಾಲ್ತೊಮಿಲೊಸ್, ಅಂಬೊಂಡ್ರೊಗಳ ಈ ಗುಂಪನ್ನು ಅನೇಕ ವಿಜ್ಞಾನಿಗಳು ಮೊಟ್ಟೆಯಿಡುವ ಸಸ್ತನಿಗಳಾದ ಪ್ಲಾಟಿಪಸ್ ಮತ್ತು ಎಕಿಡ್ನಾಗಳ ಬಂಧುಗಳೆಂದು ಪರಿಗಣಿಸುತ್ತಾರೆ.

ಈ ಕಥೆಯಲ್ಲಿ ನಮಗೂ ಪಾಲಿದೆ. ಕರ್ನಾಟಕದ ಬಹುಪಾಲು ಕಲ್ಲು ಡೈನೊಸಾರ್‌ಗಳಿಗಿಂತ ಬಹಳ ಹಳೆಯದು. ಹಾಸನ ಜಿಲ್ಲೆಯ ಗೊರೂರು ಸುತ್ತಲಿನ ನೈಸ್ ಶಿಲೆಗಳದು 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕರಿಕಲ್ಲಿನ ಲಾವಾ ಸುಮಾರು 6.6 ಕೋಟಿ ವರ್ಷದ್ದು. ಡೆಕ್ಕನ್ ಲಾವಾ ಯಾವ ವೇಗದಲ್ಲಿ ಹರಿಯಿತು ಎಂದು ಲೆಕ್ಕ ಹಾಕಲು ಅದರ ಪದರಗಳ ನಡುವೆ ಸಿಕ್ಕ ಜಿರ್ಕಾನ್ ಹರಳುಗಳನ್ನೂ ಇದೇ ವಿಧಾನದಲ್ಲಿ ಅಳೆದಿದ್ದಾರೆ. ನಡುವಿನ ಜುರಾಸಿಕ್ ನೋಡಬೇಕೆಂದರೆ ನೆರೆಯ ಗೋದಾವರಿ, ಪ್ರಾಣಹಿತಾ ಕಣಿವೆಗೆ ಹೋಗಬೇಕು. ಅದೂ ನೆಲ ಬಿರಿದು ಕುಸಿದ ಬೇಸಿನ್ನೇ. ಅಲ್ಲಿನ ಕೋಟ ಶಿಲಾಸರಣಿಯಲ್ಲಿ ಸಿಕ್ಕ ಬಾರಾಪಾಸಾರಸ್ ಟಾಗೋರಿ 1975ರಲ್ಲಿ ಪ್ರಕಟವಾಯಿತು. ಅದರ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಸಂಗ್ರಹಾಲಯದಲ್ಲಿ ನಿಂತಿದೆ. ಅದೇ ಸರಣಿಯ ಕೋಟಸಾರಸ್ 1988ರಲ್ಲಿ ಪ್ರಕಟವಾಯಿತು. ಇವು ಜಗತ್ತಿನ ಹಳೆಯ ಸೌರೊಪಾಡ್‌ಗಳ ಸಾಲಿನಲ್ಲಿವೆ. ಬಗುವಾಲಿಯಾಗೂ ಪಾತಗೊಸಾರಸ್‌ಗೂ ಹೋಲಿಸಬೇಕಾದವು. ಆದರೆ ಕೋಟದ ವಯಸ್ಸನ್ನು ಹೆಚ್ಚಾಗಿ ಮೀನು, ಆಸ್ಟ್ರಕಾಡ್ ಎಂಬ ಪುಟ್ಟ ಚಿಪ್ಪುಜೀವಿ, ಪರಾಗಗಳ ಹೋಲಿಕೆಯಿಂದಲೇ ಅಂದಾಜು ಮಾಡುತ್ತ ಬಂದಿದ್ದಾರೆ. ಆ ಅಂದಾಜುಗಳು ಆರಂಭಿಕ ಜುರಾಸಿಕ್‌ನಿಂದ ಮಧ್ಯ ಜುರಾಸಿಕ್‌ವರೆಗೂ ಹರಡಿವೆ. ಸೆರ್ರೊ ಕೊಂಡೋರ್‌ನಲ್ಲಿ ಹೋಲಿಕೆಯನ್ನೇ ನಂಬಿದ್ದಾಗ ಎಷ್ಟು ದೂರ ಹೋಗಿದ್ದೆವು ಎಂಬುದು ನೆನಪಿದ್ದರೆ ಈ ಮಾತಿನ ತೂಕ ತಿಳಿಯುತ್ತದೆ.

ಟ್ರೆಲ್ಯೂವಿನ ಸಂಗ್ರಹಾಲಯಕ್ಕೆ ಬರುವವರು ಮೊದಲು ಕೇಳುವುದು ಪಾತಗೊಟೈಟನ್ ಎಲ್ಲಿ ಎಂದು. 2017ರಲ್ಲಿ ಹೆಸರು ಪಡೆದ, ಜಗತ್ತಿನ ಅತಿ ದೊಡ್ಡ ಡೈನೊಸಾರ್‌ಗಳಲ್ಲಿ ಒಂದಾದ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮೂಳೆ ಎಷ್ಟೇ ದೊಡ್ಡದಿರಲಿ, ಅದು ಯಾವ ಕಾಲದ್ದೆಂದು ಖಚಿತವಾಗದೆ ಯಾವ ಪ್ರಾಣಿ ಯಾವುದಕ್ಕೆ ಪೂರ್ವಜ, ಯಾವ ವಿಪತ್ತು ಯಾವುದನ್ನು ಅಳಿಸಿತು, ಯಾವ ಖಂಡದಿಂದ ಯಾವುದು ನಡೆದು ಬಂತು ಎಂಬ ಒಂದು ಪ್ರಶ್ನೆಗೂ ಅದು ಉತ್ತರ ಕೊಡಲಾರದು. ಕೋಟಸಾರಸ್‌ನ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ನಮ್ಮ ಊರುಗಳಿಂದ ಒಂದು ರಾತ್ರಿಯ ಪ್ರಯಾಣ. ಮಕ್ಕಳನ್ನು ಕರೆದುಕೊಂಡು ಹೋದಾಗ ಉದ್ದ ಎತ್ತರಗಳ ಜೊತೆ ಫಲಕದಲ್ಲಿ ವಯಸ್ಸಿನ ಸಾಲನ್ನೂ ಓದಿಸಿ, ಅದನ್ನು ಯಾವ ಕಲ್ಲಿನಿಂದ, ಹೇಗೆ ತಿಳಿದರು ಎಂದು ಕೇಳುವುದನ್ನೂ ಕಲಿಸಿ.